ಮಾಗಿದ್ದೋ, ಕೆಟ್ಟದ್ದೋ?

ಆಹಾರ ಮಾಗುವುದಕ್ಕೂ ಕೆಡುವುದಕ್ಕೂ ನಡುವೆ ರಸಾಯನವಿಜ್ಞಾನ ಖಚಿತವಾದ ಗೆರೆ ಎಳೆಯುವುದಿಲ್ಲ. ಹಾಲು ಚೀಸ್ ಆಗುವಾಗಲೂ ಅದೇ ಹಾಲು ಒಡೆದು ನಾರುವಾಗಲೂ, ದೋಸೆಹಿಟ್ಟು ಹದವಾಗಿ ಹುಳಿ ಬರುವಾಗಲೂ ಅದೇ ಹಿಟ್ಟು ನಾಲ್ಕು ದಿನ ಹೊರಗೇ ಉಳಿದು ಹಳಸುವಾಗಲೂ ನಡೆಯುವ ಕೆಲಸ ಬಹುಮಟ್ಟಿಗೆ ಒಂದೇ ಬಗೆಯದು: ಪ್ರೋಟೀನು, ಕೊಬ್ಬು, ಪಿಷ್ಟಗಳಂಥ ದೊಡ್ಡ ಅಣುಗಳು ತುಂಡಾಗಿ ಅಮೈನೋ ಆಮ್ಲ, ಕೊಬ್ಬಿನಾಮ್ಲ, ಸಕ್ಕರೆಗಳಂಥ ಸಣ್ಣ ಅಣುಗಳಾಗುತ್ತವೆ, ಅವು ಮತ್ತೂ ಒಡೆದು ಗಾಳಿಯಲ್ಲಿ ತೇಲಿ ಮೂಗಿಗೆ ತಾಕುವ ವಸ್ತುಗಳಾಗುತ್ತವೆ. ಈ ಕೆಲಸ ಎರಡು ಕಡೆಯಿಂದ ನಡೆಯುತ್ತದೆ. ಆಹಾರದ ಜೀವಕೋಶಗಳಲ್ಲೇ ಇರುವ ಕಿಣ್ವಗಳು, ಅಂದರೆ ರಾಸಾಯನಿಕ ಕ್ರಿಯೆಗಳನ್ನು ಚುರುಕುಗೊಳಿಸುವ ಪ್ರೋಟೀನುಗಳು, ಪ್ರಾಣಿ ಸತ್ತ ಮೇಲೂ ಸುಮ್ಮನಿರದೆ ತಾವಿದ್ದ ಅಂಗಾಂಶವನ್ನೇ ಕರಗಿಸತೊಡಗುತ್ತವೆ. ಇದಕ್ಕೆ ಸ್ವಯಂವಿಘಟನೆ ಎಂದು ಹೆಸರು. ಇನ್ನೊಂದು ಕಡೆಯಿಂದ ಬ್ಯಾಕ್ಟೀರಿಯಾ, ಯೀಸ್ಟ್, ಬೂಷ್ಟುಗಳು ಹೊರಗಿನಿಂದ ಬಂದು ನೆಲೆಯೂರುತ್ತವೆ. ಅವುಗಳಲ್ಲಿ ಯಾವುದು ಮೇಲುಗೈ ಪಡೆಯಿತು, ಅದು ಕೊನೆಗೆ ಏನನ್ನು ಉಳಿಸಿಹೋಯಿತು ಎಂಬುದರ ಮೇಲೆ ಆಹಾರ ಮಾಗಿತೋ ಕೆಟ್ಟಿತೋ ಎಂಬುದು ನಿಂತಿದೆ. ಮೂಗಿಗೆ ಬರುವ ವಾಸನೆ ಈ ಪ್ರಶ್ನೆಗೆ ಅರ್ಧ ಉತ್ತರವನ್ನಷ್ಟೇ ಕೊಡುತ್ತದೆ, ಕೆಲವೊಮ್ಮೆ ತಪ್ಪು ಉತ್ತರವನ್ನೇ ಕೊಡುತ್ತದೆ. ಲೋಕದ ವಿಚಿತ್ರ ಆಹಾರಗಳನ್ನು ಗಮನಿಸಿದರೆ ಇದು ಚೆನ್ನಾಗಿ ಮನವರಿಕೆಯಾಗುತ್ತದೆ; ಗಬ್ಬುನಾತ ಬೀರುವ ತಿನಿಸನ್ನು ಜನ ತಲೆಮಾರುಗಳಿಂದ ಕ್ಷೇಮವಾಗಿ ಉಣ್ಣುತ್ತ ಬಂದಿದ್ದಾರೆ, ಯಾವ ಕೆಟ್ಟ ವಾಸನೆಯೂ ಇಲ್ಲದ ತಿನಿಸು ಪ್ರಾಣ ತೆಗೆದಿದೆ.

ಗಬ್ಬುನಾತಕ್ಕೆ ಲೋಕಪ್ರಸಿದ್ಧವಾದ ತಿನಿಸೆಂದರೆ ಸ್ವೀಡನ್ನಿನ ಉತ್ತರ ಕರಾವಳಿಯ ಸೂರ್‌ಸ್ಟ್ರೊಮ್ಮಿಂಗ್. ಬಾಲ್ಟಿಕ್ ಸಮುದ್ರದ ಹೆರಿಂಗ್ ಎಂಬ ಸಣ್ಣ ಮೀನನ್ನು ಏಪ್ರಿಲ್-ಮೇ ತಿಂಗಳಲ್ಲಿ, ಅದು ಮೊಟ್ಟೆಯಿಡುವ ಮುನ್ನ ಹಿಡಿದು, ಮೊದಲು ಗಟ್ಟಿ ಉಪ್ಪುನೀರಿನಲ್ಲಿ ಸುಮಾರು ಒಂದು ದಿನ ನೆನೆಸಿ ರಕ್ತವನ್ನೆಲ್ಲ ಹೊರಗೆಳೆಯುತ್ತಾರೆ. ಅನಂತರ ತಲೆ ಕತ್ತರಿಸಿ, ಕರುಳು ತೆಗೆದು, ಮೊದಲಿನದಕ್ಕಿಂತ ತೆಳುವಾದ ಉಪ್ಪುನೀರಿನ ಪೀಪಾಯಿಗಳಲ್ಲಿ ಕೆಲವು ವಾರ ಹುದುಗಲು ಬಿಡುತ್ತಾರೆ. ಇಲ್ಲಿ ಉಪ್ಪಿನ ಪ್ರಮಾಣವೇ ಎಲ್ಲವನ್ನೂ ನಿರ್ಧರಿಸುತ್ತದೆ. ಉಪ್ಪು ಧಾರಾಳವಾಗಿದ್ದರೆ ಮೀನು ಬರಿಯ ಉಪ್ಪುಮೀನಾಗಿ ಉಳಿಯುತ್ತದೆ, ತೀರ ಕಡಿಮೆಯಾದರೆ ನಿಜವಾಗಿಯೇ ಕೊಳೆಯುತ್ತದೆ. ಇವೆರಡರ ನಡುವಿನ ಹದದಲ್ಲಿ ಸಾಮಾನ್ಯ ಕೊಳೆತದ ಬ್ಯಾಕ್ಟೀರಿಯಾಗಳು ಸೊರಗಿ, ಉಪ್ಪನ್ನು ಪ್ರೀತಿಸುವ, ಆಮ್ಲಜನಕವಿಲ್ಲದೆಯೇ ಬದುಕುವ ಹ್ಯಾಲಅನಿರೋಬಿಯಮ್ ಎಂಬ ಕುಲದ ಬ್ಯಾಕ್ಟೀರಿಯಾಗಳು ಹೆಚ್ಚುತ್ತವೆ. ಮೀನಿನ ಸ್ವಂತ ಕಿಣ್ವಗಳು ಸ್ನಾಯುವನ್ನು ಒಳಗಿನಿಂದ ಮೆದುಗೊಳಿಸುತ್ತಿರುವಾಗ ಈ ಬ್ಯಾಕ್ಟೀರಿಯಾಗಳು ಪ್ರೊಪಿಯೋನಿಕ್ ಆಮ್ಲ, ಬೆಣ್ಣೆ ಕಮಟಾದಾಗ ನಾರುವ ಬ್ಯುಟಿರಿಕ್ ಆಮ್ಲ, ವಿನಿಗರಿನ ಹುಳಿಯಾದ ಅಸಿಟಿಕ್ ಆಮ್ಲ, ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡ್ ಇವುಗಳನ್ನು ತಯಾರಿಸುತ್ತವೆ. ಒಂದೊಂದೂ ಬೇರೆ ಬೇರೆಯಾಗಿ ಮನುಷ್ಯನ ಮೂಗನ್ನು ಕೆರಳಿಸಬಲ್ಲದು, ಎಲ್ಲವೂ ಕೂಡಿದಾಗ ಆಗುವ ಪರಿಣಾಮವನ್ನು ಹೊಸಬರು ಸಹಿಸಲಾರರು.

ಜುಲೈ ವೇಳೆಗೆ ಮೀನನ್ನು ತಗಡಿನ ಡಬ್ಬಿಗೆ ತುಂಬಿ ಮುಚ್ಚುತ್ತಾರೆ, ಆದರೆ ಸಾಮಾನ್ಯ ಡಬ್ಬಿಯ ಆಹಾರದಂತೆ ಅದನ್ನು ಕಾಯಿಸಿ ಸೂಕ್ಷ್ಮಾಣುಗಳನ್ನು ಕೊಲ್ಲುವುದಿಲ್ಲ. ಹುದುಗು ಡಬ್ಬಿಯೊಳಗೂ ಮುಂದುವರಿಯುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ, ಸಪಾಟಾಗಿದ್ದ ಮುಚ್ಚಳವೂ ತಳವೂ ಹೊರಕ್ಕೆ ಉಬ್ಬಿ ಡಬ್ಬಿ ಗುಂಡಾಗುತ್ತದೆ. ಡಬ್ಬಿಯನ್ನು ಓರೆಯಾಗಿ ಹಿಡಿದು ಮೇಲಂಚಿನಲ್ಲಿ ಚುಚ್ಚಿದರೆ ಮೊದಲು ಅನಿಲ ಬುಸ್ಸೆಂದು ಹೊರಬಿದ್ದು ಆಮೇಲೆ ದ್ರವ ಶಾಂತವಾಗುತ್ತದೆ. ನೇರವಾಗಿ ಚುಚ್ಚಿದರೆ ಉಪ್ಪುನೀರು ಚಿಮ್ಮಿ ಉಟ್ಟಬಟ್ಟೆಗೆ ಅಂಟಿಕೊಳ್ಳುತ್ತದೆ. ಆದ್ದರಿಂದಲೇ ಅಲ್ಲಿನವರು ಅದನ್ನು ಮನೆಯ ಹೊರಗೆ, ಹಲವೊಮ್ಮೆ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ ತೆರೆಯುತ್ತಾರೆ. ಒಳಗಿನ ಮೀನು ಮಾತ್ರ ಹರಿದು ಚೂರಾಗಿರುವುದಿಲ್ಲ. ಬೆಳ್ಳಿಬಣ್ಣದ ತೊಗಲು, ನಸುಗೆಂಪು ಮಾಂಸ, ಹೆಣ್ಣುಮೀನಿನಲ್ಲಿ ಮೊಟ್ಟೆಗಳೂ ಸಹಿತ ಇಡಿಯಾಗಿ ಇರುತ್ತದೆ, ಅದನ್ನು ತೆಳು ರೊಟ್ಟಿಯ ಮೇಲೆ ಬೇಯಿಸಿದ ಆಲೂಗಡ್ಡೆ, ಈರುಳ್ಳಿಯ ಜೊತೆ ಇಟ್ಟು ತಿನ್ನುತ್ತಾರೆ. ರುಚಿ ನಾತದಷ್ಟು ಉಗ್ರವಲ್ಲ, ಉಪ್ಪು ಹುಳಿ ಮುಂದಾಗಿರುತ್ತದೆ ಎಂದು ತಿಂದವರು ಹೇಳುವುದಕ್ಕೆ ಕಾರಣವಿದೆ: ನಾತ ತರುವ ವಸ್ತುಗಳು ಬಹುಪಾಲು ಹಾರಿಹೋಗುವಂಥವು, ನಾಲಗೆಗೆ ಉಳಿಯುವುದು ಉಪ್ಪು, ಆಮ್ಲ ಮತ್ತು ಒಡೆದ ಪ್ರೋಟೀನಿನಿಂದ ಬಂದ ಅಮೈನೋ ಆಮ್ಲಗಳು.

ಆಯಾ ವರ್ಷದ ಸರಕನ್ನು ಆಗಸ್ಟ್ ತಿಂಗಳ ಮೂರನೆಯ ಗುರುವಾರಕ್ಕೆ ಮುಂಚೆ ಮಾರಬಾರದೆಂಬ ನಿಯಮ ಸ್ವೀಡನ್ನಿನಲ್ಲಿ ಬಹುಕಾಲ ಇತ್ತು, ಹದಕ್ಕೆ ಬಾರದ ಮೀನನ್ನು ಆತುರದಿಂದ ಮಾರುಕಟ್ಟೆಗೆ ತರದಿರಲೆಂಬುದು ಅದರ ಉದ್ದೇಶ. ನಿಯಮ ಹೋದರೂ ಆ ದಿನದ ಸಂಭ್ರಮ ಉಳಿದಿದೆ. 2006ರಲ್ಲಿ ಏರ್ ಫ್ರಾನ್ಸ್ ಮತ್ತು ಬ್ರಿಟಿಷ್ ಏರ್‌ವೇಸ್ ಸಂಸ್ಥೆಗಳು ಒತ್ತಡ ತುಂಬಿದ ಈ ಡಬ್ಬಿಗಳು ಸಿಡಿಯಬಹುದೆಂದು ತಮ್ಮ ವಿಮಾನಗಳಲ್ಲಿ ಅವನ್ನು ನಿಷೇಧಿಸಿದವು. 2014ರಲ್ಲಿ ನಾರ್ವೆಯ ಒಂದು ಮನೆಯಲ್ಲಿ ಇಪ್ಪತ್ತೈದು ವರ್ಷ ಮರೆತು ಬಿದ್ದಿದ್ದ, ವಿಪರೀತ ಉಬ್ಬಿದ್ದ ಡಬ್ಬಿಯೊಂದು ಸಿಕ್ಕಾಗ ಅದನ್ನು ತೆರೆಯಲು ಸ್ವೀಡನ್ನಿನಿಂದ ಪರಿಣತರನ್ನು ಕರೆಸಬೇಕಾಯಿತು; ಡಬ್ಬಿ ಸಿಡಿಯದೆ ಸದ್ದು ಮಾಡಿ ಸುಮ್ಮನಾಯಿತು. ಈ ಡಬ್ಬಿಯಲ್ಲಿ ಉಬ್ಬು ಮಾಗಿದ್ದರ ಗುರುತು. ಬೇರೆ ಯಾವುದೇ ಡಬ್ಬಿಯಲ್ಲಿ, ಅದು ಬಟಾಣಿಯಾಗಲಿ ಅಣಬೆಯಾಗಲಿ ರಸಗುಲ್ಲವಾಗಲಿ, ಉಬ್ಬು ಕಂಡರೆ ಒಳಗೆ ಸೂಕ್ಷ್ಮಾಣು ಬೆಳೆದಿರುವ ಸಾಧ್ಯತೆ ಇದೆಯೆಂದೇ ತಿಳಿಯಬೇಕು, ಅದನ್ನು ರುಚಿ ನೋಡುವುದಕ್ಕೂ ತೆರೆಯಬಾರದು. ಒಂದೇ ಚಿಹ್ನೆಗೆ ಎರಡು ಅರ್ಥ ಬರುವುದು ಒಳಗಿರುವ ಜೀವಿ ಯಾವುದು ಎಂಬ ಕಾರಣದಿಂದ, ಆ ಜೀವಿಯನ್ನು ಆರಿಸುವುದು ಉಪ್ಪು.

ಉಪ್ಪು ಹೀಗೆ ಆಯ್ಕೆ ಮಾಡುವ ಬಗೆಯನ್ನು ಆಸ್ಟ್ರೇಲಿಯಾದ ಸೂಕ್ಷ್ಮಜೀವಿ ವಿಜ್ಞಾನಿ ವಿಲಿಯಂ ಜೇಮ್ಸ್ ಸ್ಕಾಟ್ 1950ರ ದಶಕದಲ್ಲಿ ಅಳೆದು ತೋರಿಸಿದರು. ಆಹಾರದಲ್ಲಿ ಎಷ್ಟು ನೀರಿದೆ ಎನ್ನುವುದಕ್ಕಿಂತ ಅದರಲ್ಲಿ ಎಷ್ಟು ನೀರು ಸೂಕ್ಷ್ಮಾಣುವಿನ ಕೈಗೆ ಸಿಗುವಂತಿದೆ ಎನ್ನುವುದು ಮುಖ್ಯ. ಕೆರೆ ತುಂಬಿದ್ದರೂ ತೂಬಿಗೆ ಬೀಗ ಬಿದ್ದಿದ್ದರೆ ಗದ್ದೆ ಒಣಗುವಂತೆ, ಉಪ್ಪು ಇಲ್ಲವೆ ಸಕ್ಕರೆಯ ಅಣುಗಳು ಹಿಡಿದಿಟ್ಟುಕೊಂಡ ನೀರು ಬ್ಯಾಕ್ಟೀರಿಯಾಕ್ಕೆ ಇದ್ದೂ ಇಲ್ಲದಂತೆ. ಕೈಗೆ ಸಿಗುವ ಈ ನೀರಿನ ಅಳತೆಗೆ ಜಲಚಟುವಟಿಕೆ ಎನ್ನುತ್ತಾರೆ. ಶುದ್ಧ ನೀರಿನ ಜಲಚಟುವಟಿಕೆ 1, ಹಸಿ ಮಾಂಸದ್ದು ಸುಮಾರು 0.99. ಈ ಸಂಖ್ಯೆ 0.91ಕ್ಕಿಂತ ಕೆಳಗಿಳಿದರೆ ಕೊಳೆಸುವ ಬಹುಪಾಲು ಬ್ಯಾಕ್ಟೀರಿಯಾಗಳು ಬೆಳೆಯಲಾರವು. ಆಹಾರವಿಷಕ್ಕೆ ಕಾರಣವಾಗುವ ಸ್ಟೆಫಿಲೋಕಾಕಸ್ ಆರಿಯಸ್ ಮಾತ್ರ ಸುಮಾರು 0.86ರ ತನಕ ಹೋರಾಡುತ್ತದೆ, ಬೂಷ್ಟುಗಳು ಇನ್ನೂ ಒಣ ಸ್ಥಿತಿಯನ್ನು ತಾಳಿಕೊಳ್ಳುತ್ತವೆ, 0.60ಕ್ಕಿಂತ ಕೆಳಗೆ ಯಾವ ಸೂಕ್ಷ್ಮಾಣುವೂ ಬೆಳೆಯುವುದಿಲ್ಲ. 2009ರಲ್ಲಿ ಮೆಕ್‌ಡೊನಾಲ್ಡ್ಸ್ ಸಂಸ್ಥೆ ಐಸ್‌ಲ್ಯಾಂಡಿನಲ್ಲಿ ಅಂಗಡಿ ಮುಚ್ಚುವಾಗ ಮಾರಾಟವಾದ ಬರ್ಗರೊಂದು ವರ್ಷಗಟ್ಟಲೆ ಕೊಳೆಯದೆ ಉಳಿದಿದ್ದಕ್ಕೂ ಇದೇ ಕಾರಣ. ಅದರಲ್ಲಿ ಏನೋ ಭಯಂಕರ ರಾಸಾಯನಿಕವಿದೆ ಎಂದು ಆಧಾರವಿಲ್ಲದೆ ನಂಬಿದವರು ಬಹಳ. ತೆಳ್ಳಗಿನ, ಉಪ್ಪು ಬೆರೆತ ಮಾಂಸದ ಬಿಲ್ಲೆ ಒಣಗಾಳಿಯಲ್ಲಿ ಬೂಷ್ಟು ಹಿಡಿಯುವುದಕ್ಕಿಂತ ಬೇಗ ಒಣಗಿಬಿಡುತ್ತದೆ, ಒಣಗಿದ ಮೇಲೆ ಅದನ್ನು ಕೊಳೆಸುವವರು ಯಾರೂ ಇರುವುದಿಲ್ಲ.

ಮಲೆನಾಡಿನ ಮನೆಗಳಲ್ಲಿ ಅಪ್ಪೆಮಿಡಿಯನ್ನು ಉಪ್ಪಿನಲ್ಲಿ ಹಾಕಿ ಜಾಡಿ ತುಂಬಿಸುವಾಗ ನಡೆಯುವುದೂ ಇದೇ ವಿಜ್ಞಾನ. ಹರಳುಪ್ಪು ಮಿಡಿಯೊಳಗಿನ ನೀರನ್ನು ಹೊರಗೆಳೆಯುತ್ತದೆ, ಮಿಡಿ ಸುಕ್ಕಾಗಿ ತನ್ನದೇ ನೀರಿನಲ್ಲಿ ಮುಳುಗುತ್ತದೆ, ಮಾವಿನ ಸಹಜ ಹುಳಿಯೂ ಸೇರಿ ಕೊಳೆಸುವ ಬ್ಯಾಕ್ಟೀರಿಯಾಗಳಿಗೆ ಜಾಗವೇ ಸಿಗದಂತಾಗುತ್ತದೆ. ಉಪ್ಪಿನಕಾಯಿ ಜಾಡಿಗೆ ಒದ್ದೆ ಸೌಟು, ಒದ್ದೆ ಕೈ ತಾಗಿಸಬಾರದೆಂದು ಅಜ್ಜಿಯರು ಹಾಕುತ್ತಿದ್ದ ಕಟ್ಟಪ್ಪಣೆಯನ್ನು ಜಲಚಟುವಟಿಕೆಯ ಭಾಷೆಯಲ್ಲಿ ಹೀಗೆ ವಿವರಿಸಬಹುದು: ಬಿದ್ದ ನಾಲ್ಕು ಹನಿ ನೀರು ಜಾಡಿಯ ಮೇಲ್ಪದರದಲ್ಲಿ ಉಪ್ಪನ್ನು ತೆಳುವಾಗಿಸುತ್ತದೆ, ಆ ಪದರದಲ್ಲಿ ಗಾಳಿಯೂ ಇದೆ, ಅಷ್ಟು ಸಾಕು ಬಿಳಿ ಬೂಷ್ಟು ಹರಡುವುದಕ್ಕೆ. ಅಳತೆಯ ಸಂಖ್ಯೆಗಳು ಬರುವುದಕ್ಕೆ ಎಷ್ಟೋ ಮೊದಲೇ ಅಡುಗೆಮನೆಯಲ್ಲಿ ಈ ನಿಯಮ ರೂಢಿಯಾಗಿತ್ತು ಎಂಬುದನ್ನು ಗೌರವದಿಂದ ನೆನೆಯಬೇಕು.

ಉಪ್ಪಾಗಲಿ ಬಿಸಿಲಾಗಲಿ ಹೇರಳವಾಗಿ ಸಿಗದ ಐಸ್‌ಲ್ಯಾಂಡಿನಲ್ಲಿ ಜನ ಬೇರೆ ದಾರಿ ಹಿಡಿದರು. ಅಲ್ಲಿನ ಹಾಕರ್ಲ್ ಎಂಬ ತಿನಿಸು ಗ್ರೀನ್‌ಲ್ಯಾಂಡ್ ಶಾರ್ಕ್ ಎಂಬ ಭಾರಿ ಮೀನಿನ ಮಾಂಸದಿಂದ ಆಗುತ್ತದೆ. ಈ ಮೀನಿನ ವಿಶೇಷವೆಂದರೆ ಇದರ ಹಸಿ ಮಾಂಸವೇ ವಿಷಕರ, ಮಾಗಿದ ಮೇಲಷ್ಟೇ ತಿನ್ನಲು ಯೋಗ್ಯ. ಶಾರ್ಕುಗಳು ಸಮುದ್ರದ ಉಪ್ಪಿಗೆ ಸರಿದೂಗುವಂತೆ ತಮ್ಮ ದೇಹದಲ್ಲಿ ಯೂರಿಯಾವನ್ನು ತುಂಬಿಕೊಂಡಿರುತ್ತವೆ. ಯೂರಿಯಾ ಪ್ರೋಟೀನುಗಳ ಆಕಾರವನ್ನು ಕೆಡಿಸುವ ವಸ್ತುವಾದ್ದರಿಂದ ಅದಕ್ಕೆ ತಡೆಯಾಗಿ ಟ್ರೈಮಿಥೈಲಮೀನ್ ಆಕ್ಸೈಡ್ ಎಂಬ ಇನ್ನೊಂದು ವಸ್ತುವನ್ನೂ ಇಟ್ಟುಕೊಂಡಿರುತ್ತವೆ. ಹಸಿ ಮಾಂಸವನ್ನು ತಿಂದಾಗ ಈ ಎರಡನೆಯ ವಸ್ತು ಕರುಳಿನಲ್ಲಿ ಟ್ರೈಮಿಥೈಲಮೀನ್ ಆಗಿ ಬದಲಾಗಿ, ತಿಂದವರು ಕುಡಿದವರಂತೆ ತೂರಾಡುತ್ತಾರೆ, ನಾಯಿಗಳಿಗೂ ಹೀಗಾಗುವುದನ್ನು ಉತ್ತರದ ಜನ ಕಂಡಿದ್ದಾರೆ. ಆದ್ದರಿಂದ ಮಾಂಸವನ್ನು ಜಲ್ಲಿಯ ಗುಂಡಿಯಲ್ಲಿ ಹೂತು, ಮೇಲೆ ಕಲ್ಲು ಹೇರಿ, ಆರರಿಂದ ಹನ್ನೆರಡು ವಾರ ಬಿಡುತ್ತಾರೆ. ದ್ರವ ಬಸಿದುಹೋಗುತ್ತದೆ, ಬ್ಯಾಕ್ಟೀರಿಯಾಗಳು ಯೂರಿಯಾವನ್ನು ಅಮೋನಿಯಾ ಆಗಿಸುತ್ತವೆ. ಅನಂತರ ಪಟ್ಟಿಪಟ್ಟಿಯಾಗಿ ಕೊಯ್ದು ಗಾಳಿಯಾಡುವ ಕೊಟ್ಟಿಗೆಗಳಲ್ಲಿ ತಿಂಗಳುಗಟ್ಟಲೆ ತೂಗುಹಾಕಿದಾಗ ಹಾರಿಹೋಗಬಲ್ಲ ವಸ್ತುಗಳು ಬಹಳಷ್ಟು ಹಾರಿಹೋಗಿ, ಹೊರಗೆ ಕಂದು ಹೊಪ್ಪಳೆ ಕಟ್ಟುತ್ತದೆ. ಅದನ್ನು ಕೆರೆದು ಒಳಗಿನ ಮಾಂಸವನ್ನು ಸಣ್ಣ ಚೌಕಗಳಾಗಿ ತಿನ್ನುತ್ತಾರೆ, ಮೂಗಿಗೆ ಬಡಿಯುವುದು ಮೂತ್ರದ ಘಾಟು. ಕೊರಿಯಾದ ನೈಋತ್ಯ ಕರಾವಳಿಯಲ್ಲಿ ಹಾಂಗೋ ಎಂಬ ತೊರಕೆ ಜಾತಿಯ ಮೀನನ್ನು ಮಾಗಿಸುವಾಗಲೂ ಇದೇ ಅಮೋನಿಯಾ ಹುಟ್ಟುತ್ತದೆ.

ಈ ಶಾರ್ಕಿನ ಬಗ್ಗೆ ಇನ್ನೊಂದು ಸಂಗತಿಯನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. 2016ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಅದರ ಕಣ್ಣಿನ ಮಸೂರದಲ್ಲಿರುವ ಇಂಗಾಲವನ್ನು ಅಳೆದು, ಪರೀಕ್ಷಿಸಿದವುಗಳಲ್ಲಿ ಅತಿ ದೊಡ್ಡ ಹೆಣ್ಣುಮೀನಿಗೆ ಕನಿಷ್ಠ 272 ವರ್ಷ ವಯಸ್ಸಾಗಿತ್ತೆಂದೂ, ಹೆಣ್ಣು ಮೀನು ಮರಿಹಾಕುವ ಪ್ರಾಯಕ್ಕೆ ಬರಲು ಸುಮಾರು 150 ವರ್ಷ ಬೇಕೆಂದೂ ತೀರ್ಮಾನಿಸಿತು. ತಟ್ಟೆಯ ಮೇಲಿನ ಚೂರಿನ ವಯಸ್ಸನ್ನು ಲೆಕ್ಕಹಾಕುವಾಗ ಗುಂಡಿಯಲ್ಲಿ ಕಳೆದ ವಾರಗಳಿಗಿಂತ ಕಡಲಿನಲ್ಲಿ ಕಳೆದ ಶತಮಾನಗಳು ಹೆಚ್ಚು. ಇಷ್ಟು ನಿಧಾನವಾಗಿ ಬೆಳೆಯುವ ಪ್ರಾಣಿಯನ್ನು ಮಿತಿಮೀರಿ ಹಿಡಿಯಬಾರದೆಂಬುದನ್ನು ರುಚಿಯ ಚರ್ಚೆಯಲ್ಲಿ ಮರೆಯಲಾಗದು.

ಚೀನಾದ ಪಿಡಾನ್ ಎಂಬ ಕಪ್ಪು ಮೊಟ್ಟೆಯನ್ನು ಶತಮಾನದ ಮೊಟ್ಟೆ ಎಂದು ಹೊರಗಿನವರು ಕರೆದರೂ ಅದರ ವಯಸ್ಸು ಕೆಲವು ವಾರ ಇಲ್ಲವೆ ಕೆಲವು ತಿಂಗಳು ಮಾತ್ರ. ಇದನ್ನು ಕೊಳೆತ ಮೊಟ್ಟೆಯೆಂದು ಭಾವಿಸುವುದಂತೂ ಪೂರ್ತಿ ತಪ್ಪು, ಏಕೆಂದರೆ ಇದರಲ್ಲಿ ಸೂಕ್ಷ್ಮಾಣುಗಳ ಪಾತ್ರ ಇಲ್ಲವೆನ್ನುವಷ್ಟು ಕಡಿಮೆ. ಬಾತುಕೋಳಿಯ ಮೊಟ್ಟೆಗೆ ಸುಣ್ಣ, ಬೂದಿ, ಉಪ್ಪು, ಚಹಾ ಕಲಸಿದ ಕೆಸರನ್ನು ಮೆತ್ತಿ, ಭತ್ತದ ಹೊಟ್ಟಿನಲ್ಲಿ ಹೊರಳಿಸಿ ಇಟ್ಟಾಗ, ಕ್ಷಾರ ಚಿಪ್ಪಿನ ಸೂಕ್ಷ್ಮ ರಂಧ್ರಗಳ ಮೂಲಕ ಒಳಗಿಳಿಯುತ್ತದೆ. ಆಮ್ಲ-ಕ್ಷಾರಗಳ ಅಳತೆಯಾದ ಪಿಎಚ್, ಇದರಲ್ಲಿ 7 ಎಂದರೆ ತಟಸ್ಥ, ಮೊಟ್ಟೆಯೊಳಗೆ 9ರಿಂದ 12ರ ತನಕ ಏರುತ್ತದೆ. ಬೆಂಕಿಯ ಶಾಖ ಮಾಡುವ ಕೆಲಸವನ್ನು ಕ್ಷಾರ ತಣ್ಣಗೆ ಮಾಡುತ್ತದೆ: ಲೋಳೆಯ ಪ್ರೋಟೀನುಗಳು ಬಿಚ್ಚಿಕೊಂಡು ಮತ್ತೆ ಬೇರೆ ಬಗೆಯಲ್ಲಿ ಹೆಣೆದುಕೊಂಡು ಪಾರದರ್ಶಕವಾದ, ಚಹಾದ ಡಿಕಾಕ್ಷನ್ ಬಣ್ಣದ ಮೃದು ಗಟ್ಟಿಯಾಗುತ್ತವೆ. ಪ್ರೋಟೀನಿನಲ್ಲಿದ್ದ ಗಂಧಕ ಹೈಡ್ರೋಜನ್ ಸಲ್ಫೈಡ್ ಆಗಿ ಬಿಡುಗಡೆಯಾಗಿ, ಹಳದಿ ಭಾಗದಲ್ಲಿರುವ ಕಬ್ಬಿಣದ ಜೊತೆ ಕೂಡಿ ಅದನ್ನು ಕಡುಹಸುರಾಗಿಸುತ್ತದೆ. ಸಿಪ್ಪೆ ಸುಲಿದಾಗ ಕಂದು ಮೈಮೇಲೆ ಹಿಮದ ಹರಳಿನಂಥ, ದೇವದಾರು ರೆಂಬೆಯಂಥ ಬಿಳಿ ಚಿತ್ತಾರ ಕಾಣಿಸುವುದುಂಟು, ಅದು ಮೆಗ್ನೀಸಿಯಮ್ ಹೈಡ್ರಾಕ್ಸೈಡಿನ ಹರಳು. ಚಿತ್ತಾರ ಚೆನ್ನಾಗಿ ಬಿದ್ದಷ್ಟೂ ಮೊಟ್ಟೆಗೆ ಬೆಲೆ ಹೆಚ್ಚು. ಇಂಥ ಕ್ಷಾರದಲ್ಲಿ ರೋಗಾಣುಗಳು ಬೆಳೆಯುವುದು ಕಷ್ಟ. ನಿಜವಾದ ಅಪಾಯ ಬೇರೆಡೆಯಿಂದ ಬರುತ್ತಿತ್ತು: ಹದವನ್ನು ಬೇಗ ತರಲು ಕೆಲವರು ಸೀಸದ ಆಕ್ಸೈಡ್ ಬೆರೆಸುತ್ತಿದ್ದರು, ಆದ್ದರಿಂದಲೇ ಇಂದಿನ ಪೊಟ್ಟಣಗಳ ಮೇಲೆ ಸೀಸರಹಿತ ಎಂದು ನಮೂದಿಸುವ ರೂಢಿ ಬಂದಿದೆ.

ಇಟಲಿಯ ಸಾರ್ಡಿನಿಯಾ ದ್ವೀಪದ ಕಾಸು ಮಾರ್ಜು ಎಂಬ ಕುರಿಹಾಲಿನ ಚೀಸಿನಲ್ಲಿ ಮಾಗಿಸುವ ಕೆಲಸ ನೊಣದ ಮರಿಹುಳುಗಳದ್ದು. ಪಯೋಫಿಲಾ ಕೇಸಿಯೈ ಎಂಬ ನೊಣ ಇಟ್ಟ ಮೊಟ್ಟೆಗಳಿಂದ ಹೊರಬಂದ ಹುಳುಗಳು ಚೀಸಿನ ಕೊಬ್ಬನ್ನು ಕರಗಿಸಿ ಬೆಣ್ಣೆಯಂತೆ ಮೆದುವಾಗಿಸುತ್ತವೆ. ಹುಳು ಜೀವಂತವಾಗಿ ಮಿಸುಕುತ್ತಿದ್ದರೆ ಚೀಸ್ ಸರಿಯಿದೆ, ಹುಳು ಸತ್ತಿದ್ದರೆ ಚೀಸ್ ಕೆಟ್ಟಿದೆ ಎಂಬುದು ಅಲ್ಲಿನವರ ಪರೀಕ್ಷೆ. ಇದರ ಮಾರಾಟವನ್ನು ಕಾನೂನು ನಿಷೇಧಿಸಿದೆ.

ಇಂಥ ತಿನಿಸುಗಳ ಹೆಸರು ಕೇಳಿದೊಡನೆ ಮುಖ ಸಿಂಡರಿಸುವುದು ಸಹಜವೇ ಆದರೂ, ಆ ಸಿಂಡರಿಕೆಯ ಬಹುಪಾಲು ಕಲಿತದ್ದು, ಹುಟ್ಟಿನಿಂದ ಬಂದದ್ದಲ್ಲ. ಆಕ್ಸ್‌ಫರ್ಡಿನ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಐಸೋವಲೆರಿಕ್ ಆಮ್ಲವನ್ನು ಜನರಿಗೆ ಮೂಸಲು ಕೊಟ್ಟರು. ಈ ಆಮ್ಲ ಮಾಗಿದ ಚೀಸಿನಲ್ಲೂ ಇದೆ, ಬೆವರಿದ ಪಾದಗಳ ನಾತದಲ್ಲೂ ಇದೆ. ಮೂಸುವಾಗ ಪರದೆಯ ಮೇಲೆ ಚೆಡ್ಡಾರ್ ಚೀಸ್ ಎಂಬ ಹೆಸರು ಕಂಡರೆ ಜನರಿಗೆ ವಾಸನೆ ಹಿತವೆನಿಸಿತು, ಮೈನಾತ ಎಂಬ ಹೆಸರು ಕಂಡರೆ ಅದೇ ವಾಸನೆ ಅಸಹ್ಯವೆನಿಸಿತು. ಮಿದುಳಿನ ಚಿತ್ರಣದಲ್ಲಿಯೂ ವ್ಯತ್ಯಾಸ ಕಂಡಿತು. ಬರ್ಲಿನ್ನಿನ ವೈದ್ಯ ಲುಡ್ವಿಗ್ ಬ್ರೀಗರ್ 1880ರ ದಶಕದಲ್ಲಿ ಕೊಳೆತ ಮಾಂಸದಿಂದ ಬೇರ್ಪಡಿಸಿದ ಪ್ಯುಟ್ರೆಸಿನ್, ಕಡಾವರಿನ್ ಎಂಬ ವಸ್ತುಗಳು ಹೆಣದ ನಾತಕ್ಕೆ ಕಾರಣವಾದರೂ ಮಾಗಿದ ಚೀಸುಗಳಲ್ಲಿ ಅವೂ ಅಷ್ಟಿಷ್ಟು ಇರುತ್ತವೆ. ಮೂಗು ಉಪಯೋಗವಿಲ್ಲದ ಅಂಗವೆಂದು ಇದರ ಅರ್ಥವಲ್ಲ. ಪರಿಚಿತವಾದ ಆಹಾರ ತನ್ನ ಎಂದಿನ ವಾಸನೆ ಬಿಟ್ಟು ಬೇರೆ ವಾಸನೆ ಹೊಡೆದಾಗ ಮೂಗು ಕೊಡುವ ಎಚ್ಚರಿಕೆಯನ್ನು ಯಾರೂ ಕಡೆಗಣಿಸಬಾರದು. ತೊಂದರೆ ಇರುವುದು ಮೂಗಿಗೆ ಏನೂ ತಿಳಿಯದ ಸಂದರ್ಭಗಳಲ್ಲಿ.

ಬೆಲ್ಜಿಯಂ ದೇಶದ ಎಲ್ಲೆಜೆಲ್ ಎಂಬ ಹಳ್ಳಿಯಲ್ಲಿ 1895ರ ಡಿಸೆಂಬರಿನಲ್ಲಿ ಒಂದು ಶವಸಂಸ್ಕಾರ ನಡೆಯಿತು. ಅಲ್ಲಿ ವಾದ್ಯ ನುಡಿಸಿದ ತಂಡದವರು ಊಟಕ್ಕೆ ಕುಳಿತು, ಉಪ್ಪುನೀರಿನಲ್ಲಿ ಇಟ್ಟಿದ್ದ ಹಂದಿಯ ತೊಡೆಮಾಂಸವನ್ನು ತಿಂದರು. ಮಾಂಸ ಕೊಳೆತು ನಾರುತ್ತಿರಲಿಲ್ಲ. ಒಂದು ದಿನದೊಳಗೆ ಅವರಲ್ಲಿ ಹಲವರಿಗೆ ಒಂದು ವಸ್ತು ಎರಡಾಗಿ ಕಾಣತೊಡಗಿತು, ರೆಪ್ಪೆಗಳು ಜೋತುಬಿದ್ದವು, ನುಂಗುವುದೂ ಮಾತಾಡುವುದೂ ಕಷ್ಟವಾಯಿತು, ಮೂವರು ಸತ್ತರು. ಗೆಂಟ್ ವಿಶ್ವವಿದ್ಯಾಲಯದ ಎಮಿಲ್ ವಾನ್ ಎರ್ಮೆಂಗೆಮ್ ಉಳಿದ ಮಾಂಸವನ್ನೂ ಸತ್ತವರ ಅಂಗಾಂಶಗಳನ್ನೂ ಪರೀಕ್ಷಿಸಿ, ಆಮ್ಲಜನಕವಿಲ್ಲದ ಕಡೆ ಮಾತ್ರ ಬೆಳೆಯುವ ಬ್ಯಾಕ್ಟೀರಿಯಾವೊಂದನ್ನು ಬೇರ್ಪಡಿಸಿ 1897ರಲ್ಲಿ ವರದಿ ಪ್ರಕಟಿಸಿದರು. ಇಂದು ಕ್ಲಾಸ್ಟ್ರಿಡಿಯಮ್ ಬಾಟುಲಿನಮ್ ಎನ್ನುವ ಈ ಬ್ಯಾಕ್ಟೀರಿಯಾ ತಯಾರಿಸುವ ವಿಷ ನರದಿಂದ ಸ್ನಾಯುವಿಗೆ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಬಿಡುಗಡೆಯಾಗದಂತೆ ತಡೆಯುತ್ತದೆ, ಕೊನೆಗೆ ಉಸಿರಾಟದ ಸ್ನಾಯುಗಳೇ ನಿಲ್ಲುತ್ತವೆ. ತಿಳಿದಿರುವ ವಿಷಗಳಲ್ಲೆಲ್ಲ ಇದಕ್ಕಿಂತ ತೀಕ್ಷ್ಣವಾದದ್ದು ಇಲ್ಲ. ಉಪ್ಪುನೀರು ಮಾಂಸವನ್ನು ಗಾಳಿಯಿಂದ ಮರೆಮಾಡಿತ್ತು, ಆದರೆ ಈ ಬ್ಯಾಕ್ಟೀರಿಯಾವನ್ನು ತಡೆಯುವಷ್ಟು ಉಪ್ಪು ಅದರಲ್ಲಿರಲಿಲ್ಲ. ಅರ್ಧಂಬರ್ಧ ಸಂರಕ್ಷಣೆ ಏನೂ ಮಾಡದಿರುವುದಕ್ಕಿಂತ ಅಪಾಯಕಾರಿ ಎಂಬ ಪಾಠವನ್ನು ವಿಜ್ಞಾನ ಈ ಊಟದಿಂದ ಕಲಿಯಿತು.

ಈ ಬ್ಯಾಕ್ಟೀರಿಯಾ ಕಷ್ಟಕಾಲದಲ್ಲಿ ದಪ್ಪ ಕವಚದೊಳಗೆ ಅಡಗಿ ಬೀಜಾಣುವಾಗುತ್ತದೆ, ಬೀಜಾಣು ಕುದಿಯುವ ನೀರಿಗೂ ಸಾಯುವುದಿಲ್ಲ. ಡಬ್ಬಿ ತಯಾರಿಸುವ ಕಾರ್ಖಾನೆಗಳು ಹುಳಿಯಿಲ್ಲದ ಆಹಾರವನ್ನು ಒತ್ತಡದಲ್ಲಿ 121 ಡಿಗ್ರಿ ಸೆಲ್ಸಿಯಸ್ ತನಕ ಕಾಯಿಸುವುದು ಇದಕ್ಕಾಗಿಯೇ. ಪಿಎಚ್ 4.6ಕ್ಕಿಂತ ಕಡಿಮೆಯಿರುವಷ್ಟು ಹುಳಿಯಾದ ಆಹಾರದಲ್ಲಿ ಬೀಜಾಣು ಮೊಳೆಯಲಾರದು, ಹಾಗಾಗಿ ನಿಂಬೆ, ಮಾವಿನ ಉಪ್ಪಿನಕಾಯಿಗಳು ಈ ಭಯದಿಂದ ಪಾರು. ಇದರ ಕೆಲವು ಬಗೆಗಳು ಪ್ರೋಟೀನನ್ನು ಒಡೆದು ನಾತ ಹೊರಡಿಸುತ್ತವೆ, ಆದರೆ ತಣ್ಣೀರಿನ ಮೀನುಗಳಲ್ಲಿ ಕಾಣುವ ಇ ಎಂಬ ಬಗೆ ಯಾವ ಸುಳಿವನ್ನೂ ಕೊಡದೆ ಸುಮಾರು 3 ಡಿಗ್ರಿಯ ತಣ್ಪಿನಲ್ಲಿಯೂ ಬೆಳೆಯಬಲ್ಲದು.

ಅಲಾಸ್ಕಾದ ಮೂಲನಿವಾಸಿಗಳ ಅನುಭವ ಇಲ್ಲಿ ಮನಮುಟ್ಟುವಂತಿದೆ. ಸಾಲ್ಮನ್ ಮೀನಿನ ತಲೆ, ಸೀಲ್ ಪ್ರಾಣಿಯ ಈಜುಗಾಲುಗಳನ್ನು ಹುಲ್ಲು ಹಾಸಿದ ನೆಲದ ಗುಂಡಿಗಳಲ್ಲಿ, ಧ್ರುವಪ್ರದೇಶದ ತಣ್ಣನೆಯ ಮಣ್ಣಿನಲ್ಲಿ ಅವರು ತಲೆತಲಾಂತರದಿಂದ ಮಾಗಿಸಿ ತಿನ್ನುತ್ತಿದ್ದರು. 1970ರ ದಶಕದಿಂದೀಚೆಗೆ ಗುಂಡಿಯ ಬದಲು ಪ್ಲಾಸ್ಟಿಕ್ ಬಕೆಟ್ಟು, ಮುಚ್ಚಳವಿರುವ ಗಾಜಿನ ಜಾಡಿಗಳು ಬಂದವು, ಅವನ್ನು ಮನೆಯೊಳಗೆ ಬೆಚ್ಚಗಿನ ಜಾಗದಲ್ಲಿ ಇಡತೊಡಗಿದರು. ನೋಡುವುದಕ್ಕೆ ಇದು ಶುಚಿಯಾದ ವಿಧಾನ. ಆದರೆ ಗಾಳಿಯಾಡದ ಪ್ಲಾಸ್ಟಿಕ್ಕೂ ಹೆಚ್ಚಿದ ಶಾಖವೂ ಬಾಟುಲಿನಮ್‌ಗೆ ಬೇಕಾದ ಪರಿಸರವನ್ನೇ ಒದಗಿಸಿ ಬಾಟುಲಿಸಮ್ ಕಾಯಿಲೆ ಹೆಚ್ಚಿತು. ಈಗ ಅಲ್ಲಿನ ಆರೋಗ್ಯ ಅಧಿಕಾರಿಗಳು ಹಳೆಯ ಪದ್ಧತಿಯಲ್ಲೇ ಮಾಗಿಸಿರಿ, ಪ್ಲಾಸ್ಟಿಕ್ ಬಳಸಬೇಡಿರಿ ಎಂದು ಸಲಹೆ ಕೊಡುತ್ತಾರೆ. ಸಂಪ್ರದಾಯದ ಪಾಕವೊಂದರಲ್ಲಿ ಹುಲ್ಲು, ಮಣ್ಣು, ತಣ್ಪುಗಳೂ ಪಾಕದ ಭಾಗವೇ ಆಗಿರುತ್ತವೆ ಎಂಬುದನ್ನು ಗಮನಿಸದೆ ಪಾತ್ರೆಯೊಂದನ್ನೇ ಬದಲಿಸಿದ್ದರ ಫಲವಿದು.

ಕರ್ನಾಟಕದ ಕರಾವಳಿಯಲ್ಲಿ ದಿನನಿತ್ಯ ಬಳಸುವ ಬಂಗುಡೆಗೂ ಇಂಥದೊಂದು ಮೌನವಾದ ಅಪಾಯವಿದೆ. ಬಂಗುಡೆ, ಬೂತಾಯಿ, ಟ್ಯೂನಾ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಹೇರಳವಾಗಿದ್ದು, ಹಿಡಿದ ಮೀನನ್ನು ಮಂಜುಗಡ್ಡೆಗೆ ಹಾಕದೆ ಬಿಸಿಲಿನಲ್ಲಿ ಬಿಟ್ಟರೆ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಆಗಿಸುತ್ತವೆ. ಹಿಸ್ಟಮಿನ್ ಹೆಚ್ಚಾದ ಮೀನು ನಾರಲೇಬೇಕೆಂದಿಲ್ಲ, ಕುದಿಸಿದರೂ ಹುರಿದರೂ ಅದು ನಾಶವಾಗುವುದಿಲ್ಲ. ತಿಂದ ಸ್ವಲ್ಪ ಹೊತ್ತಿನಲ್ಲೇ ಮುಖ ಕೆಂಪಾಗಿ, ತಲೆ ನೋಯುತ್ತ, ಮೈ ತುರಿಸತೊಡಗುತ್ತದೆ. ಇದನ್ನು ಮೀನಿನ ಅಲರ್ಜಿ ಎಂದು ತಿಳಿದು ಜೀವಮಾನವಿಡೀ ಮೀನು ಬಿಟ್ಟವರೂ ಇರಬಹುದು. ಇದನ್ನು ತಡೆಯುವ ದಾರಿ ಒಂದೇ, ದೋಣಿಯಿಂದ ಅಡುಗೆಮನೆಯ ತನಕ ಮೀನಿನ ಮೇಲೆ ಮಂಜುಗಡ್ಡೆ ಇರುವುದು.

ಸೂಕ್ಷ್ಮಾಣುಗಳನ್ನು ಪೂರ್ತಿ ಹೊರಗಿಟ್ಟರೆ ಆಹಾರ ಎಷ್ಟು ಕಾಲ ಉಳಿಯಬಹುದು? ಅಮೆರಿಕದ ಮಿಸೌರಿ ನದಿಯಲ್ಲಿ 1865ರಲ್ಲಿ ಮುಳುಗಿದ ಬರ್ಟ್ರಂಡ್ ಎಂಬ ಹಬೆಹಡಗನ್ನು ಒಂದು ಶತಮಾನದ ಬಳಿಕ ಅಗೆದು ತೆಗೆದಾಗ ಅದರಲ್ಲಿ ಪೀಚ್ ಹಣ್ಣು, ಸಿಂಪಿಮಾಂಸ, ಟೊಮೆಟೊ, ಜೇನುಗಳ ಡಬ್ಬಿ ಬಾಟಲಿಗಳು ಸಿಕ್ಕವು. 1974ರಲ್ಲಿ ರಸಾಯನ ಪರೀಕ್ಷೆ ಮಾಡಿದಾಗ ಸೂಕ್ಷ್ಮಾಣು ಬೆಳೆದ ಗುರುತಿರಲಿಲ್ಲ. ವಾಸನೆ, ನೋಟ ಕಂದಿದ್ದವು, ಸಿ ವಿಟಮಿನ್ನು ಬಹುಪಾಲು ಕಳೆದುಹೋಗಿತ್ತು, ಪ್ರೋಟೀನು, ಸುಣ್ಣದಂಶಗಳು ಉಳಿದಿದ್ದವು. ಅಂಟಾರ್ಕ್ಟಿಕಾದ ಅಡೇರ್ ಭೂಶಿರದ ಗುಡಿಸಲಿನಲ್ಲಿ 2017ರಲ್ಲಿ ಸಿಕ್ಕ, ಸುಮಾರು 106 ವರ್ಷ ಹಳೆಯ ಹಣ್ಣಿನ ಕೇಕು ತಿನ್ನುವಂತೆಯೇ ಕಾಣುತ್ತಿತ್ತು. ಕಾಲ ಇನ್ನೂ ಹಿಂದಕ್ಕೆ ಸರಿದರೆ, ಅಲಾಸ್ಕಾದ ಫೇರ್‌ಬ್ಯಾಂಕ್ಸ್ ಬಳಿ 1979ರಲ್ಲಿ ಚಿನ್ನದ ಗಣಿಯವರಿಗೆ ಹೆಪ್ಪುಗಟ್ಟಿದ ನೆಲದಲ್ಲಿ ಹಿಮಯುಗದ ಕಾಡೆಮ್ಮೆಯೊಂದು, ಬೈಸನ್ ಎಂದು ಕರೆಯುವ ಪ್ರಾಣಿ, ಇಡಿಯಾಗಿ ಸಿಕ್ಕಿತು. ಮೈಮೇಲೆ ಸಿಂಹದ ಉಗುರಿನ ಗಾಯಗಳಿದ್ದ, ಖನಿಜವೊಂದರಿಂದ ನೀಲಿಬಣ್ಣಕ್ಕೆ ತಿರುಗಿದ್ದ ಈ ಪ್ರಾಣಿಗೆ 36,000 ವರ್ಷವೆಂದು ಆಗ ಲೆಕ್ಕಹಾಕಿದ್ದರು, ಈಚಿನ ಮಾಪನಗಳು ಅದನ್ನು 50,000 ವರ್ಷಕ್ಕೂ ಹಿಂದಕ್ಕೆ ಒಯ್ಯುತ್ತವೆ. ಅದನ್ನು ಅಧ್ಯಯನ ಮಾಡಿದ ಡೇಲ್ ಗತ್ರಿ 1984ರಲ್ಲಿ ಅದರ ಕತ್ತಿನ ಮಾಂಸದ ಚೂರನ್ನು ತರಕಾರಿಯೊಂದಿಗೆ ಬೇಯಿಸಿ ಗೆಳೆಯರಿಗೆ ಬಡಿಸಿದರು. ಮಾಂಸ ಗಡುಸಾಗಿತ್ತು, ಮಣ್ಣಿನ ವಾಸನೆಯಿತ್ತು, ತಿಂದವರಿಗೆ ಏನೂ ಆಗಲಿಲ್ಲ. ಇಂಥ ಕಥೆಗಳನ್ನೆಲ್ಲ ನಂಬಲಾಗದು ಎಂಬುದಕ್ಕೂ ನಿದರ್ಶನವಿದೆ: ನ್ಯೂಯಾರ್ಕಿನ ಅನ್ವೇಷಕರ ಸಂಘವೊಂದು 1951ರ ಔತಣದಲ್ಲಿ ಹಿಮಯುಗದ ಪ್ರಾಣಿಯ ಮಾಂಸ ಬಡಿಸಿತೆಂಬ ಪ್ರಸಿದ್ಧ ಕಥೆಯನ್ನು, ಉಳಿದಿದ್ದ ಚೂರಿನ ಡಿಎನ್‌ಎ ಪರೀಕ್ಷೆ 2016ರಲ್ಲಿ ಸುಳ್ಳಾಗಿಸಿತು, ಅದು ಹಸಿರು ಕಡಲಾಮೆಯ ಮಾಂಸವಾಗಿತ್ತು.

ಹಳೆಯದಾದರೂ ಕೆಡದ ಆಹಾರಗಳಲ್ಲಿ ಎಲ್ಲರಿಗೂ ಪರಿಚಿತವಾದದ್ದು ಜೇನುತುಪ್ಪ. ಸಕ್ಕರೆ ತುಂಬಿದ ಅದರ ಜಲಚಟುವಟಿಕೆ ಸುಮಾರು 0.60ರ ಆಸುಪಾಸಿನಲ್ಲಿದೆ, ಜೊತೆಗೆ ಅದು ಹುಳಿಯೂ ಹೌದು, ಹಾಗಾಗಿ ಮುಚ್ಚಿಟ್ಟ ಜೇನಿನಲ್ಲಿ ಏನೂ ಬೆಳೆಯುವುದಿಲ್ಲ. ಆದರೆ ಬೆಳೆಯದಿರುವುದು ಬೇರೆ, ಇಲ್ಲದಿರುವುದು ಬೇರೆ. ಮಣ್ಣಿನಿಂದ, ಧೂಳಿನಿಂದ ಬಂದ ಬಾಟುಲಿನಮ್ ಬೀಜಾಣುಗಳು ಜೇನಿನಲ್ಲಿ ನಿದ್ರಿಸುತ್ತಿರಬಹುದು. ದೊಡ್ಡವರ ಕರುಳಿನಲ್ಲಿ ನೆಲೆಸಿರುವ ಅಸಂಖ್ಯ ಬ್ಯಾಕ್ಟೀರಿಯಾಗಳು ಅವಕ್ಕೆ ಮೊಳೆಯಲು ಬಿಡುವುದಿಲ್ಲ. ಹಸುಗೂಸಿನ ಕರುಳಿನಲ್ಲಿ ಆ ಕಾವಲು ಇನ್ನೂ ಕಟ್ಟಿಕೊಂಡಿರುವುದಿಲ್ಲವಾದ್ದರಿಂದ ಅವು ಅಲ್ಲೇ ಮೊಳೆತು, ಅಲ್ಲೇ ವಿಷ ತಯಾರಿಸುತ್ತವೆ. ಶಿಶುಗಳ ಈ ಬಾಟುಲಿಸಮ್ಮನ್ನು ವೈದ್ಯರು 1976ರಲ್ಲಿ ಗುರುತಿಸಿದರು: ಮಗುವಿಗೆ ಮೊದಲು ಮಲಬದ್ಧತೆಯಾಗುತ್ತದೆ, ಅಳು ಕ್ಷೀಣಿಸುತ್ತದೆ, ಹಾಲು ಚೀಪುವ ಶಕ್ತಿ ಕುಂದುತ್ತದೆ, ಕತ್ತು ನಿಲ್ಲುವುದಿಲ್ಲ. ಹುಟ್ಟಿದ ಮಗುವಿನ ನಾಲಗೆಗೆ ಜೇನು ಸವರುವ, ಬಜೆ ತೇದು ಜೇನಿನಲ್ಲಿ ನೆಕ್ಕಿಸುವ ಪದ್ಧತಿ ನಮ್ಮ ನಾಡಿನ ಅನೇಕ ಮನೆಗಳಲ್ಲಿ ಇನ್ನೂ ಇದೆ. ಜೇನು ಎಷ್ಟೇ ಶುದ್ಧವಾಗಿರಲಿ, ಕಾಡಿನದಾಗಿರಲಿ ಅಂಗಡಿಯದಾಗಿರಲಿ, ಒಂದು ವರ್ಷ ತುಂಬದ ಮಗುವಿಗೆ ಅದನ್ನು ಒಂದು ಹನಿಯೂ ಕೊಡಬಾರದು.